ಹಾಕದೆ ಉಳಿದ ಬಾಸ್ಕೆಟ್

ಮಿಶ್ಕೋಲ್ತ್ ಊರಿನ ಹುಡುಗಿಯರು ಯುರೋಪ್ ಕಪ್ ಬಾಸ್ಕೆಟ್‌ಬಾಲ್ ಪಂದ್ಯ ಗೆದ್ದು ಕುಣಿಯುತ್ತಿದ್ದರೆ ಕೋಚ್ ಪಿರೋಶ್ಕಾಗೆ ಮೈಯೆಲ್ಲ ಉರಿಯುತ್ತಿತ್ತು. ಒಂಬತ್ತು ಪಾಯಿಂಟಿನ ಗೆಲುವು ಹನ್ನೊಂದಾಗಬಹುದಿತ್ತು. ಕೊನೆಯ ಗಳಿಗೆಯಲ್ಲಿ ಬೊರೋಕಾ ಬಾಸ್ಕೆಟ್ಟಿನ ಕೆಳಗೆ ಚೆಂಡು ಹಿಡಿದು ಒಬ್ಬಳೇ ನಿಂತಿದ್ದಳು. ಹಾಕಲಿಲ್ಲ. ಆಟ ಮುಗಿಯುವ ತನಕ ಚೆಂಡು ಪುಟಿಸುತ್ತಿದ್ದು, ಸೋತವರ ಕೈ ಕುಲುಕಲು ಹೋದಳು. ದೇಶದ ಲೀಗಿನಲ್ಲಿ ಅದೇ ಮರ್ಯಾದೆ, ಸೋತವರನ್ನು ಇನ್ನಷ್ಟು ತುಳಿಯುವುದಿಲ್ಲ. ಆದರೆ ಕಪ್ಪಿನ ಈ ಸುತ್ತಿನಲ್ಲಿ ಅದೇ ತಂಡದ ಜೊತೆ ಇಲ್ಲೊಂದು ಪಂದ್ಯ, ಅವರ ತುರ್ಕಿಯಲ್ಲೊಂದು. ಎರಡರ ಪಾಯಿಂಟೂ ಕೂಡಿಸಿ ಮುಂದೆ ಹೋಗುವವರು ಯಾರೆಂದು ತೀರ್ಮಾನ.

"ದಾನ ಮಾಡೋಕೆ ಅದೇನು ನಿಮ್ಮಪ್ಪನ ಮನೆ ಪಾಯಿಂಟೇನೇ?" ಎಂದು ಪಿರೋಶ್ಕಾ ಎಲ್ಲರೆದುರೇ ಕೇಳಿದಳು.

ಮುಂದಿನ ವಾರ ತುರ್ಕಿಯಲ್ಲಿ ಹತ್ತು ಪಾಯಿಂಟಿನಿಂದ ಸೋತರು. ಒಂದೇ ಒಂದು ಪಾಯಿಂಟಿಗೆ ಕಪ್ ಕೈಬಿಟ್ಟಿತು. ವಿಮಾನದಲ್ಲಿ ಯಾರೂ ಬೊರೋಕಾಳ ಪಕ್ಕ ಕೂರಲಿಲ್ಲ. ಕ್ರೀಡಾಂಗಣದ ತಿಂಡಿಯಂಗಡಿಯವಳು ಕೂಡ ಪೊಗಾಚ ಎಂಬ ಉಪ್ಪು ಬನ್ನು ಕೊಡುತ್ತ, ಎರಡು ತಗೋತೀಯೋ ಇಲ್ಲ ಅದನ್ನೂ ಬಿಟ್ಟುಬಿಡ್ತೀಯೋ ಎಂದು ಚುಚ್ಚಿದಳು. ಹತ್ತೊಂಬತ್ತರ ಹುಡುಗಿ ಅಭ್ಯಾಸಕ್ಕೆ ಬರುತ್ತಿದ್ದಳು, ಹೇಳಿದ್ದು ಮಾಡುತ್ತಿದ್ದಳು, ನಗುವುದನ್ನು ಮಾತ್ರ ಬಿಟ್ಟಿದ್ದಳು. ಆಟವನ್ನೇ ಬಿಟ್ಟು ಹೋಗುತ್ತಾಳೇನೋ ಎಂದು ಪಿರೋಶ್ಕಾಗೆ ಭಯ ಹತ್ತಿತು. ಆದರೂ ಒಂದು ಒಳ್ಳೆ ಮಾತು ಬಾಯಿಗೆ ಬರಲಿಲ್ಲ.

ಶನಿವಾರ ಲೀಗ್ ಪಂದ್ಯ. ಎದುರಿಗೆ ಬಡ ತಂಡ, ಅರ್ಧಕ್ಕರ್ಧ ಶಾಲೆ ಹುಡುಗಿಯರು. ಮೂವತ್ತು ಪಾಯಿಂಟ್ ಮುಂದಿದ್ದಾಗ, ಇನ್ನೇನು ಮುಗಿಯಿತು ಎನ್ನುವಾಗ ಚೆಂಡು ಬೊರೋಕಾಳ ಕೈಗೆ ಬಂತು. ಹಾಕು ಹಾಕು ಎಂದು ಜನ ಕೂಗಿದರು. ಅಡ್ಡ ಬಂದ ಪುಟ್ಟ ಹುಡುಗಿಯನ್ನು ಭುಜದಿಂದ ತಳ್ಳಿ ಚೆಂಡನ್ನು ಬಾಸ್ಕೆಟ್ಟಿಗೆ ಹಾಕಿದಳು. ಪಿರೋಶ್ಕಾಳ ಮುಖ ನೋಡಿ, ಯಾರ ಕೈಯನ್ನೂ ಕುಲುಕದೆ ಒಳಗೆ ನಡೆದಳು.

ಚಪ್ಪಾಳೆಗೆ ಎತ್ತಿದ ಪಿರೋಶ್ಕಾಳ ಕೈ ಅಲ್ಲೇ ನಿಂತಿತು. ಎದುರು ತಂಡದ ಮುದುಕ ಕೋಚ್ ಎದೆನ್ ಹತ್ತಿರ ಬಂದು, ಇದೂ ಬೇಕಿತ್ತೇನಮ್ಮ ಎಂದಷ್ಟೇ ಕೇಳಿ ಹೋದ.

ಒಳಗೆ ಬೊರೋಕಾ ಬೂಟು ಬಿಚ್ಚುತ್ತಿದ್ದಳು.

"ಯಾಕೆ ಹಾಕ್ದೆ?"

"ಅವತ್ತು ಯಾಕೆ ಹಾಕ್ಲಿಲ್ಲ ಅಂದ್ರಿ, ಇವತ್ತು ಯಾಕೆ ಹಾಕ್ದೆ ಅಂತೀರಿ. ಮೊದ್ಲೇ ಒಂದು ಮಾತು ಹೇಳೋಕೆ ಏನಾಗಿತ್ತು ಪಿರಿ ಅಕ್ಕ?"

ಪಿರೋಶ್ಕಾಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದರೆ, ಬೈಸಿಕೊಳ್ಳಬೇಕಾದವಳು ತಾನೇ. ಎರಡು ಪಂದ್ಯದ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆಂದುಕೊಂಡು, ಈ ವರ್ಷ ಬಂದ ಹುಡುಗಿಗೆ ತಾನು ಹೇಳಿರಲೇ ಇಲ್ಲ.

"ತಪ್ಪು ನಂದು ಕಣೇ. ಏಳು."

ಬೊರೋಕಾ ಬಿಚ್ಚಿದ ಬೂಟಿನಲ್ಲೇ ಕಾಲು ತೂರಿಸಿ ಹಿಂದೆ ಬಂದಳು. ಸೋತವರ ಕೋಣೆಯ ಬಾಗಿಲನ್ನು ಪಿರೋಶ್ಕಾ ತಟ್ಟಿದಳು.