ಉಪ್ಪಿಟ್ಟಿನ ಕೆಳಗಿನ ನೋಟೀಸು

ಬೈಲಹೊಂಗಲದ ಪೇಟೆಯಲ್ಲಿ ಭಾಂಡೆ ಪಾತ್ರೆಗಳ ಮೇಲೆ ಹೆಸರು ಹಾಕುವವರು ನಾಲ್ಕು ಜನ. ಮೂವರು ಕರೆಂಟಿನ ಪೆನ್ನು ಹಿಡಿದು ಗುರ್ರ್ ಎಂದು ಗೀಚುವವರು. ಉಳಿ, ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆ ಕುಟ್ಟಿ ಅಕ್ಷರ ಮೂಡಿಸುವವನು ಶಟ್ಟೆಪ್ಪ ಒಬ್ಬನೇ. ಹಾಕಿದ ಹೆಸರನ್ನು ಅಳಿಸುವ ಕೈಗುಣವೂ ಅವನೊಬ್ಬನಿಗೇ ಇತ್ತು. ಹಿಂದಿನಿಂದ ಕುಟ್ಟಿ, ಮುಂದಿನಿಂದ ಉಜ್ಜಿ, ಕೊಟ್ಟವರಿಗೇ ಗುರುತು ಸಿಗದ ಹಾಗೆ ಮಾಡಿಬಿಡುತ್ತಿದ್ದ. ಪಾಲಾದ ಅಣ್ಣತಮ್ಮಂದಿರ ಭಾಂಡೆ, ಮುರಿದ ಮದುವೆಯ ಭಾಂಡೆ ಎಲ್ಲವೂ ಒಂದಲ್ಲ ಒಂದು ದಿನ ಅವನ ಮುಂದೆ ಬಂದು ಕೂರುತ್ತಿದ್ದವು. ಯಾವ ಸಂಸಾರ ಎಷ್ಟು ದಿನ ಬಾಳೀತು ಎನ್ನುವುದನ್ನು ಜಾತಕ ನೋಡುವವರಿಗಿಂತ ಅವನೇ ಸರಿಯಾಗಿ ಹೇಳುತ್ತಾನೆಂದು ಪೇಟೆಯ ಮಂದಿ ನಗೆಯಾಡುತ್ತಿದ್ದರು.

ಒಂದು ಸಂಸಾರದ ವಿಷಯದಲ್ಲಿ ಮಾತ್ರ ಅವನ ಅಂದಾಜು ತಪ್ಪಿತ್ತು. ಅದು ಅವನ ತಂಗಿಯ ಮಗಳು ಭಾಗ್ಯಾಳದ್ದು.

ಸಿರಸಂಗಿಯ ಗುರುನಾಥನಿಗೆ ಅವಳನ್ನು ಕೊಟ್ಟಾಗ ಸೋದರಮಾವನಾಗಿ ಶಟ್ಟೆಪ್ಪ ನಲವತ್ತು ಉಣ್ಣುವ ತಾಟು, ಎರಡು ಕೊಡ, ಒಂದು ದೊಡ್ಡ ಬೋಗಾಣಿ ಕೊಟ್ಟಿದ್ದ. ಎಲ್ಲದರ ಅಂಚಿಗೂ ತಾನೇ ಕೂತು ಹೆಸರು ಹಾಕಿದ್ದ. ನಾಲ್ಕು ವರ್ಷಕ್ಕೆ ಗಂಡ ಹೆಂಡತಿ ಇಬ್ಬರಿಗೂ ಸಾಕಾಯಿತು. ಗುರುನಾಥನ ತಾಯಿ ಗಂಗವ್ವ ಪಂಚರನ್ನು ಕೂಡಿಸಿ, ಬಾಂಡ್ ಪೇಪರಿನ ಮೇಲೆ ಗಂಡ ಹೆಂಡತಿ ಬಿಟ್ಟರೆನ್ನುವ ಸೋಡಚೀಟಿ ಬರೆಸಿದಳು. ಸಿಟ್ಟಿನಲ್ಲಿದ್ದ ಭಾಗ್ಯಾ ಓದದೆ ಸಹಿ ಒಗೆದು ಬಂದಳು. ಕೊನೆಯ ಸಾಲಿನಲ್ಲಿ ‘ಭಾಂಡೆ ಸಾಮಾನು ಎಲ್ಲಾ ಮುಟ್ಟಿದೆ’ ಎಂದಿತ್ತು. ಅವಳ ಕೈಗೆ ಒಂದು ಚಮಚವೂ ಮುಟ್ಟಿರಲಿಲ್ಲ.

ಇದೆಲ್ಲ ಆಗಿ ಎರಡು ವರ್ಷ. ಈಗ ಭಾಗ್ಯಾ ಕಾಲೇಜಿನ ಹಿಂದೆ ಖಾನಾವಳಿ ತೆಗೆಯಲು ಹೊರಟಿದ್ದಳು. ಖೋಲಿ ಸಿಕ್ಕಿತ್ತು, ಒಲೆ ಬಂದಿತ್ತು, ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಒಪ್ಪಿದ್ದರು. ತಾಟು ಇರಲಿಲ್ಲ.

“ಹೊಸಾವು ತಗೊಳ್ಳೂಣ ಬಿಡವಾ,” ಎಂದ ಶಟ್ಟೆಪ್ಪ.

“ನಾ ಯಾಕ ತಗೊಳ್ಳಿ ಮಾಮಾ? ನನ್ನಾವು ಸಿರಸಂಗ್ಯಾಗ ಅದಾವಲ್ಲ. ನನ್ನ ತಾಟು ಬರೂತನಕಾ ಖಾನಾವಳಿ ಬಾಗಲಾ ತೆಗ್ಯಾಂಗಿಲ್ಲ ನೋಡು.”

ತಾಯಿಯ ಹಟವೇ ಮಗಳಿಗೂ ಬಂದಿತ್ತು. ಇಬ್ಬರೂ ಮೃಣಾಲಿನಿ ವಕೀಲರ ಬಳಿ ಹೋದರು. ವಕೀಲರು ಸೋಡಚೀಟಿಯನ್ನು ಎರಡು ಸಲ ಓದಿದರು. ಕರೆಂಟು ಹೋಗಿತ್ತು. ಅದೇ ಕಾಗದದಿಂದ ಗಾಳಿ ಹಾಕಿಕೊಂಡರು.

“ಇದರಿಂದ ಆಗೂ ಉಪಯೋಗ ಇಷ್ಟ ನೋಡ್ರಿ ಶಟ್ಟೆಪ್ಪ. ಲಗ್ನ ಮುರೀಬೇಕಾದದ್ದು ಕೋರ್ಟಿನ್ಯಾಗ. ನಿಮ್ಮ ಮಂದ್ಯಾಗ ಹಿಂಗ ಬಿಡೂ ರೂಢಿ ಮೊದಲಿನಿಂದ ಅದ ಅಂತ ಸಾಬೀತು ಮಾಡಿದ್ರ ಮಾತು ಬ್ಯಾರೆ. ಬರೇ ಪಂಚರ ಸಹಿ ಸಾಲೂದಿಲ್ಲ.”

“ಹಂಗಾರ ನಾ ಇನ್ನೂ ಅವನ ಹೇಣ್ತಿ ಏನ್ರೀ?” ಭಾಗ್ಯಾ ಹೌಹಾರಿದಳು.

“ಪೂರಾ ಹೇಣ್ತಿ.”

“ಅಯ್ಯ, ಎರಡು ವರ್ಷ ಬಿಡುಗಡಿ ಆತಂತ ಆರಾಮ ನಿದ್ದಿ ಮಾಡೇನಲ್ರೀ!”

“ಮಾಡಿದ ನಿದ್ದಿ ಯಾರೂ ಕಸಗೊಳ್ಳೂದಿಲ್ಲ ಬಿಡು,” ವಕೀಲರು ನಕ್ಕರು. “ವರ್ಷದ ಮ್ಯಾಲೆ ಬ್ಯಾರೆ ಇದ್ದೀರಿ. ಇಬ್ಬರೂ ಒಪ್ಪಿ ಅರ್ಜಿ ಹಾಕಿದ್ರ ಕೋರ್ಟ ಬಿಡುಗಡಿ ಕೊಡ್ತದ. ಇನ್ನ ಭಾಂಡೆ ಅಂದ್ರ, ತೌರಿನವರು ಕೊಟ್ಟದ್ದು ಸ್ತ್ರೀಧನ. ಗಂಡಂದೂ ಅಲ್ಲ, ಅತ್ತೀದೂ ಅಲ್ಲ, ನಿಂದ. ಆದರ ಎಲ್ಲಾ ಮುಟ್ಟೇದ ಅಂತ ನೀನ ಸಹಿ ಮಾಡೀದಿ. ಮುಟ್ಟಿಲ್ಲ ಅನ್ನಲಿಕ್ಕೆ ಏನರೆ ಗುರುತು ಬೇಕಲ್ಲ.”

ಮೊದಲಿಗೆ ನೋಟೀಸು ಹೋಯಿತು. ತಿರುಗಿ ಬಂತು. ಎರಡನೆಯದೂ ಹಾಗೆಯೇ ಬಂತು. ಪೋಸ್ಟಿನವನು ಓಣಿಗೆ ಬಂದರೆ ಸಾಕು, ಗಂಗವ್ವ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದಳು. ಕೈಯಲ್ಲಿ ಹಿಡಿಯದ ಕಾಗದ ಕುತ್ತಿಗೆಗೆ ಬರುವುದಿಲ್ಲ ಎನ್ನುವುದು ಅವಳ ನಂಬಿಕೆ.

“ತಗೊಳ್ಳಿಲ್ಲ ಅಂದ್ರೂ ಮುಟ್ಟಿದಂಗ ಅಂತದ ಕಾನೂನು,” ಎಂದರು ವಕೀಲರು. “ಆದರ ಅಕೀ ತಲಿಗೆ ಮುಟ್ಟಬೇಕಲ್ಲ!”

ಹೀಗಿರುವಾಗ ಒಂದು ಗುರುವಾರ, ಸವದತ್ತಿಯಲ್ಲಿ ಭಾಂಡೆ ಅಂಗಡಿ ಇಟ್ಟುಕೊಂಡಿರುವ ರಾಯಪ್ಪನ ಫೋನು ಬಂತು.

“ಕಾಕಾ, ಹದಿನಾರು ತಾಟು ಬಸ್ಸಿಗೆ ಹಾಕೇನಿ. ಅಂಚಿನ ಹೆಸರು ಅಳಿಸಿ, ನಡಕ ಹೊಸಾ ಹೆಸರು ಹಾಕಬೇಕಂತ. ಐತಾರ ತೊರಗಲ್ಲಿನ ಬೀಗರು ಮನಿ ನೋಡಾಕ ಬರತಾರಂತ. ಗಡಬಡಿ ಐತಿ.”

“ಯಾರ ಹೆಸರೋ?”

“ಗುರುನಾಥ ಅಂತ. ಸಿರಸಂಗಿ ಮುದುಕಿ ಬಂದು ಕೊಟ್ಟು ಹೋತು.”

ಶಟ್ಟೆಪ್ಪನ ಕೈಯಲ್ಲಿದ್ದ ಸುತ್ತಿಗೆ ನಿಂತಿತು. ಬೈಲಹೊಂಗಲಕ್ಕೆ ಕೊಟ್ಟರೆ ಬೀಗನ ಕೈಗೆ ಸಿಕ್ಕೀತು ಎಂದು ಗಂಗವ್ವ ಸವದತ್ತಿಗೆ ಹೋಗಿದ್ದಳು. ಆದರೆ ಹೆಸರು ಅಳಿಸುವ ಕೆಲಸ ಬಂದರೆ ಸವದತ್ತಿಯ ಅಂಗಡಿಯವರೆಲ್ಲ ಗಂಟು ಕಟ್ಟಿ ಬೈಲಹೊಂಗಲದ ಬಸ್ಸಿಗೇ ಹಾಕುತ್ತಾರೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

ಬಸ್ಸಿನಿಂದ ಇಳಿದ ಗಂಟಿನ ಮೇಲೆ ರಾಯಪ್ಪನ ಚೀಟಿ ಇತ್ತು. ಬಿಚ್ಚಿದರೆ ಶಟ್ಟೆಪ್ಪನದೇ ಕೈಬರಹ. ‘ಚಿ. ಸೌ. ಭಾಗ್ಯಾಳಿಗೆ ಸೋದರಮಾವ ಶಟ್ಟೆಪ್ಪನಿಂದ.’ ಶಟ್ಟೆಪ್ಪ ನೇರವಾಗಿ ವಕೀಲರಿಗೆ ಫೋನು ಹಚ್ಚಿದ.

“ರಾಯಪ್ಪನ ಚೀಟಿ ಬಾಜೂಕ ಇಟ್ಟು ಒಂದೊಂದ ತಾಟಿನ ಫೋಟೋ ತಗೀರಿ,” ಎಂದರು ಅವರು. “ಎಲ್ಲಾ ಮುಟ್ಟೇದ ಅಂತ ಬರಸಿದವರ ಮನಿಯಿಂದನ ಹೊರಗ ಬಂದಾವ. ಇದಕ್ಕಿಂತ ಚಲೋ ಗುರುತು ಎಲ್ಲಿ ಸಿಗತದ?”

“ಇವನ್ನ ನಾನ ಇಟ್ಕೊಂಡುಬಿಡ್ಲೇನ್ರಿ?”

“ಇಟ್ಕೊಂಡ್ರ ಹದಿನಾರು ಬಂದಾವು. ಉಳಿದ ಇಪ್ಪತ್ನಾಕು?”

ಶಟ್ಟೆಪ್ಪ ತಲೆ ಕೆರೆದುಕೊಂಡ. ಆಮೇಲೆ ಇನ್ನೊಂದು ಮಾತು ನೆನಪಾಯಿತು. “ಅಲ್ರೀ ಬಾಯಾರ, ಆ ತೊರಗಲ್ಲಿನ ಹುಡಿಗಿ ಗತಿ ಏನು? ಅದೂ ಯಾರದೋ ಸೋದರಸೊಸಿನ ಅಲ್ಲೇನ್ರಿ?”

“ಮೊದಲನೇದು ಮುರೀದ ಮಾಡಿಕೊಂಡ್ರ ಎರಡನೇದು ಲಗ್ನನ ಅಲ್ಲ. ಅಕೀಗೆ ಹೇಣ್ತಿ ಅನ್ನೂ ಹಕ್ಕ ಇರೂದಿಲ್ಲ. ಅವಗ ಏಳು ವರ್ಷದ ತನಕಾ ಜೇಲು ಆಗಬಹುದು.”

ಫೋನು ಇಟ್ಟ ಮೇಲೆ ಶಟ್ಟೆಪ್ಪ ಬಹಳ ಹೊತ್ತು ತಾಟಿನ ಹೊಳಪಿನಲ್ಲಿ ತನ್ನ ಮುಖವನ್ನೇ ನೋಡುತ್ತ ಕೂತ. ಮುಖ ಮೆಲ್ಲಗೆ ನಗತೊಡಗಿತು. ಭಾಗ್ಯಾಳನ್ನು ಕರೆಸಿಕೊಂಡ.

“ನೋಟೀಸ ಮುಟ್ಟಸೂದಿತ್ತಲ್ಲ, ಮುಟ್ಟಸೂಣು. ಅಂಚಿನ ಹೆಸರು ನಿಂದು, ಅಳಸ್ಲಿ?”

“ಅಳಸು ಮಾಮಾ. ನಡಕ ಏನ ಬರೀತಿ?”

“ವಕೀಲಬಾಯಿ ಹೇಳಿದ್ದ ಬರೀತೇನಿ.”

ಫೋಟೋ ತೆಗೆದು, ಅಂಚನ್ನು ನುಣ್ಣಗೆ ಉಜ್ಜಿ, ಎರಡು ದಿನ ಮಾವ ಸೊಸೆ ಬಾಗಿಲು ಅರ್ಧ ಹಾಕಿಕೊಂಡು ಕೂತರು. “ಉದ್ದ ಆತು, ತಾಟಿನ್ಯಾಗ ಹಿಡ್ಯಾಂಗಿಲ್ಲ,” ಎಂದು ಅವಳು ಮಾತು ಕತ್ತರಿಸುವುದು, ಅವನು ಕುಟ್ಟುವುದು. ಹದಿನೈದು ತಾಟಿಗೆ ಕಾನೂನು ಮುಗಿದುಹೋಯಿತು. ಹದಿನಾರನೆಯದಕ್ಕೆ ಹೇಳುವುದೇನೂ ಉಳಿಯದೆ, ‘ಚಾ ಕುಡಿದು ಹೋಗ್ರಿ’ ಎಂದು ಹಾಕಿದ.

ತಾಟುಗಳನ್ನು ತಿರುಗಿ ಬಸ್ಸಿಗೆ ಹಾಕಿ, ರಾಯಪ್ಪನಿಗೆ ಹೇಳಿದ್ದು ಇಷ್ಟೇ: ತಾಟುಗಳನ್ನು ಬೀಗರು ಬಂದು ಕಾಲು ತೊಳೆದ ಮೇಲೆಯೇ ಮುಟ್ಟಿಸಬೇಕು, ಕಿಸೆಯಲ್ಲಿ ಫೋನು ಚಾಲೂ ಇರಬೇಕು.

ಭಾನುವಾರ ಹನ್ನೊಂದಕ್ಕೆ ಫೋನನ್ನು ಅಂಗಡಿಯ ಖಾಲಿ ಬೋಗಾಣಿಯಲ್ಲಿಟ್ಟು ಇಬ್ಬರೂ ಕಿವಿಗೊಟ್ಟರು. ಬೋಗಾಣಿಯಲ್ಲಿಟ್ಟರೆ ದನಿ ದೊಡ್ಡದಾಗುತ್ತದೆ.

“ಈಗ ಬಂದಿ ಏನೋ ರಾಯಪ್ಪಾ, ಜೀವಾ ತಿಂದೆಲ್ಲೋ!” ಗಂಗವ್ವನ ದನಿ. ತಾಟು ಖಣಖಣ ಎಂದವು. ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಅಂಚಿನ ಸುತ್ತ ಬೆರಳಾಡಿಸಿ ನೋಡಿದ್ದಿರಬೇಕು. “ಅಂಚು ನುಣ್ಣಗ ಆಗೇತಿ ನೋಡ. ನಡಕ ಹೆಸರು ಹಾಕ್ಯಾನಲ್ಲ?”

“ಅಗದಿ ಚಂದ ಹಾಕ್ಯಾನ್ರಿ,” ಎಂದ ರಾಯಪ್ಪ.

ಸೌಟು ಆಡಿತು. ಉಪ್ಪಿಟ್ಟು, ಶಿರಾ ಬಿದ್ದವು. ಮಳೆ, ದನ, ಬಸ್ಸಿನ ಮಾತು ನಡೆದವು. ಮೆಲ್ಲಗೆ ಮಾತು ಕಡಿಮೆಯಾಗಿ ಉಣ್ಣುವ ಸಪ್ಪಳ ಉಳಿಯಿತು. ಆಮೇಲೆ ಒಬ್ಬ ಮುದುಕನ ಗಟ್ಟಿ ದನಿ. ಹುಡುಗಿಯ ಅಜ್ಜ ಸತ್ಯಪ್ಪ. ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದುವ ಚಟದವನು.

“‘ಈ ತಾಟು... ಭಾಗ್ಯಾಂದು. ಇನ್ನೂ ಅಕೀಗೆ ಮುಟ್ಟಿಲ್ಲ.’ ಯಾರವಾ ಭಾಗ್ಯಾ?”

“ಶಿರಾ ಹಾಕ್ಲೆನ್ರಿ ಬೀಗರ?” ಗಂಗವ್ವ ಗಾಬರಿಯಾದಳು.

“ತಡಿಯವಾ. ನಿಂದೇನೈತೋ ತಮ್ಮಾ, ಉಪ್ಪಿಟ್ಟು ಸರಸು. ‘ಬಾಂಡಿನ ಮ್ಯಾಲಿನ ಸೋಡಚೀಟಿ ಕೋರ್ಟಿನ ಬಿಡುಗಡಿ ಅಲ್ಲ.’ ಹೌದೇನು? ನಿಮ್ಮವ್ವಂದು ಬ್ಯಾಗ ಬ್ಯಾಗ ತಿನ್ನಾಕ ಹೇಳು. ‘ಮೊದಲನೇದು ಮುರೀದ ಎರಡನೇದು ಮಾಡಿಕೊಂಡ್ರ ಜೇಲು.’”

“ಅಜ್ಜಾ, ನಂದು ಓದ!” ಎಂದಿತು ಒಂದು ಸಣ್ಣ ಹುಡುಗನ ದನಿ. ಸತ್ಯಪ್ಪ ಅದನ್ನೂ ಓದಿದ. “‘ಹೆಣ್ಣು ಕೊಡೂಕಿಂತ ಮೊದಲ ಕೋರ್ಟಿನ ಹಾಳಿ ಕೇಳ್ರಿ.’”

ತೊರಗಲ್ಲಿನ ಮಂದಿಯೆಲ್ಲ ಗಬಗಬ ತಿಂದು ತಳ ಕಾಣಿಸತೊಡಗಿದರು. ಗಂಗವ್ವನ ಉಪ್ಪಿಟ್ಟು ಅಷ್ಟು ಬೇಗ ಎಂದೂ ಖರ್ಚಾಗಿರಲಿಲ್ಲ. ಬೋಗಾಣಿಯ ಮೇಲೆ ಬಾಗಿದ್ದ ಭಾಗ್ಯಾ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

“ಗುರುನಾಥಪ್ಪಾ,” ಸತ್ಯಪ್ಪನ ದನಿ ಈಗ ನಗುತ್ತಿರಲಿಲ್ಲ. “ಕಾಗದ ಪಕ್ಕಾ ಐತಿ ಅಂದಿದ್ರಿ. ಕೋರ್ಟಿನ ಹಾಳಿ ಐತೇನು?”

“ಇಲ್ರಿ,” ಎಂದ ಗುರುನಾಥ.

ಮರುದಿನ ಬೆಳಗಿನ ಬಸ್ಸಿಗೆ ಗಂಗವ್ವ ಮಗನನ್ನು ಎಳೆದುಕೊಂಡು ಪೇಟೆಗೆ ಬಂದಳು. ಹದಿನಾರು ತಾಟು ಅಂಗಡಿಯ ಕಟ್ಟೆಯ ಮೇಲೆ ದಬ್ಬಾಕಿದಳು.

“ಬೀಗನಾಗಿ ಇಂಥಾ ಕೆಲಸಾ ಮಾಡ್ತೀಯೇನೋ ಶಟ್ಟೆಪ್ಪಾ? ನನ್ನ ತಾಟು ಹಾಳ ಮಾಡ್ಯಾನಂತ ಪೋಲೀಸರಿಗೆ ಕೊಡತೇನಿ!”

“ಕೊಡ್ರಿ ಅಕ್ಕಾರ, ಅಗತ್ಯ ಕೊಡ್ರಿ.” ಶಟ್ಟೆಪ್ಪ ಸ್ಟೂಲು ಸರಿಸಿದ. “ಕುಂತ್ಕೊಂಡು ಬರಸ್ರಿ. ನಿಮ್ಮ ತಾಟು ಅಂತ ಬರಸಿದ್ರ ಅಂಚಿನ ಹೆಸರಿನ ಫೋಟೋ ನನ್ನ ಹಂತೇಕ ಅದಾವು. ಭಾಗ್ಯಾನ ತಾಟು ಅಂತ ಬರಸಿದ್ರ, ಎಲ್ಲಾ ಮುಟ್ಟೇತಿ ಅಂದ ಮ್ಯಾಲೆ ನಿಮ್ಮ ಮನ್ಯಾಗ ಹೆಂಗ ಬಂದೂವಂತ ಕೇಳತಾರ. ಯಾರ ತಾಟು ಅಂತ ಬರಸ್ತೀರಿ?”

ಗಂಗವ್ವ ಮಗನ ಕಡೆ ನೋಡಿದಳು.

“ಸಾಕ ಮಾಡಬೇ ಯವ್ವಾ,” ಎಂದ ಗುರುನಾಥ. ಕೆಟ್ಟ ಹುಡುಗನೇನಲ್ಲ ಅವನು; ತಾಯಿ ಹಾಕಿದ ಗೆರೆ ದಾಟಿ ಗೊತ್ತಿಲ್ಲದವನು, ಅಷ್ಟೇ. “ಮಾಮಾ, ಉಳಿದ ಭಾಂಡೆ ನಾಳಿನ ಬಸ್ಸಿಗೆ ಹಾಕತೇನಿ. ಕೋರ್ಟಿನ್ಯಾಗ ನಾ ಎಲ್ಲಿ ಸಹಿ ಮಾಡಬೇಕು ಹೇಳ್ರಿ. ನನಗೂ ಜೇಲಿನ ಕನಸು ಬೀಳಾಕ ಹತ್ತೇತಿ.”

“ಓದಿ ಮಾಡಪಾ. ನಮ್ಮ ಹುಡಿಗಿ ಓದದ ಮಾಡಿ ಕೆಟ್ಟಳು.”

ಉಳಿದ ಇಪ್ಪತ್ನಾಲ್ಕು ತಾಟು, ಕೊಡ, ಬೋಗಾಣಿ ಬಂದವು. ಖಾನಾವಳಿಯ ಬಾಗಿಲು ತೆರೆಯಿತು. ಆ ಹದಿನಾರು ತಾಟಿನ ಬರಹ ಅಳಿಸಿಕೊಡುತ್ತೇನೆಂದು ಶಟ್ಟೆಪ್ಪ ಕೇಳಿದರೆ ಭಾಗ್ಯಾ ಒಪ್ಪಲಿಲ್ಲ. ಕಾಲೇಜಿನ ಹುಡುಗಿಯರು ಪಲ್ಯ ಸರಿಸಿ ಓದುತ್ತ, ಒಬ್ಬರಿಗೊಬ್ಬರು ತೋರಿಸುತ್ತ ಉಣ್ಣುತ್ತಿದ್ದರು. ಉಣ್ಣಲು ಬಂದಿದ್ದ ಇಬ್ಬರು ಹೆಂಗಸರಂತೂ ಊಟ ಮುಗಿಸಿದವರೇ ವಕೀಲರ ಮನೆ ಕೇಳಿಕೊಂಡು ಹೋದರಂತೆ.

ಗುರುನಾಥ, ಭಾಗ್ಯಾ ಕೂಡಿ ಅರ್ಜಿ ಹಾಕಿ ಕೋರ್ಟಿನಿಂದ ಹೊರಬರುವಾಗ ಮಧ್ಯಾಹ್ನವಾಗಿತ್ತು. ಇನ್ನೂ ಆರು ತಿಂಗಳು ಕಾಯಬೇಕಾದೀತು ಎಂದು ವಕೀಲರು ಹೇಳಿದ್ದರು. ಮಗನ ಬೆನ್ನು ಬಿಡದ ಗಂಗವ್ವನೂ ಬಂದಿದ್ದಳು. ಬಿಸಿಲು, ಹಸಿವು. ಭಾಗ್ಯಾಳೇ ಮುಂದೆ ಬಂದು, “ಬರ್ರಿ ಅತ್ತಿ, ಉಣಬರ್ರಿ. ಇನ್ನ ಆರ ತಿಂಗಳು ಅತ್ತಿನ ಅಲ್ಲೇನ್ರಿ ನೀವು?” ಎಂದು ಕರೆದಳು.

ಮುದುಕಿ ಬಂದು ಕೂತಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ ಮುಗಿಸಿ, ಮೊಸರನ್ನ ಬಳಿದು ಉಂಡಳು. ಆಮೇಲೆ ಅಭ್ಯಾಸದಂತೆ ತಾಟಿನಲ್ಲಿ ಬೆರಳಾಡಿಸಿದಳು. ಅಂಚು ನುಣ್ಣಗಿತ್ತು. ನಡುವೆ ಬೆರಳಿಗೆ ಚುಕ್ಕೆಗಳು ತಾಗಿದವು. ಕೈ ಹಾವು ಮುಟ್ಟಿದಂತೆ ಹಿಂದೆ ಬಂತು.

“ಏನ ಬರದೈತಿಬೇ ಇದರಾಗ? ನನಗ ಕಾಣವಲ್ತು.”

ಮೂಲೆಯಲ್ಲಿ ಉಣ್ಣುತ್ತಿದ್ದ ಶಟ್ಟೆಪ್ಪನ ತುತ್ತು ಅರ್ಧಕ್ಕೆ ನಿಂತಿತು. ಭಾಗ್ಯಾ ಬಾಗಿ ಓದಿದಳು.

“‘ಚಾ ಕುಡಿದು ಹೋಗ್ರಿ’ ಅಂತ ಬರದೈತ್ರಿ.”

ಗಂಗವ್ವ ಅವಳ ಮುಖವನ್ನೂ ತಾಟನ್ನೂ ಎರಡು ಸಲ ನೋಡಿದಳು. ನಂಬಿದಳೋ ಇಲ್ಲವೋ, ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿದಳು.

“ಹಂಗಾರ ಇಡು. ಸಕ್ಕರಿ ಕಮ್ಮಿ ಹಾಕು.”