ಬೆಂಜೀನಮ್ಮ

ತಾಯಿ ಮಗಳು ಒಂದೇ ತರಗತಿಗೆ ಸೇರಿದ್ದು ಮಗಳಿಗೆ ದೊಡ್ಡ ತಲೆನೋವಾಯಿತು. ತಾಯಿ ಬಟ್ಟೆ ಅಂಗಡಿಯೊಂದರಲ್ಲಿ ಕಟಿಂಗ್ ಕೆಲಸದವಳು. ಮಗಳು ಹೊಟ್ಟೆಯಲ್ಲಿದ್ದಾಗ ಅರ್ಧಕ್ಕೆ ನಿಂತಿದ್ದ ಓದನ್ನು, ಗಂಡ ತೀರಿಕೊಂಡು ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಂಡ ಮೇಲೆ ಮತ್ತೆ ಕೈಗೆತ್ತಿಕೊಂಡಿದ್ದಳು. ಸಾವಯವ ರಸಾಯನಶಾಸ್ತ್ರದ ಮೊದಲ ಪಾಠಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟರು. ಇಳಿಯುವ ಮುಂಚೆ ಮಗಳು ಹೇಳಿದಳು:

"ಅಮ್ಮಾ, ಅಲ್ಲಿ ನನ್ನ ಮಾತಾಡಿಸ್ಬೇಡ. ನೀನ್ಯಾರೋ ನಾನ್ಯಾರೋ."

"ಯಾಕೆ, ನಿನ್ನ ಮಾನ ಹರಾಜು ಹಾಕ್ತೀನಾ ನಾನು?"

"ಪ್ಲೀಸ್ ಅಮ್ಮಾ."

"ಆಯ್ತು ಬಿಡು ಮಹಾರಾಯ್ತಿ," ಎಂದು ಅಮ್ಮ ನಕ್ಕಳು. ಬೇಜಾರಾದರೂ ತೋರಿಸಿಕೊಳ್ಳುವ ಜಾಯಮಾನ ಅವಳದಲ್ಲ.

ಅಮ್ಮ ಮೊದಲ ಬೆಂಚು, ಮಗಳು ಕೊನೆಯ ಬೆಂಚು. ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಬೆಂಜೀನಿನ ಆರು ಮೂಲೆಯ ಆಕೃತಿ, ಅದರೊಳಗೆ ಜೋಡಿ ಗೆರೆಗಳನ್ನು ಬರೆದು ಪಾಠ ಮಾಡುತ್ತಿದ್ದಾಗ ಅಮ್ಮ ಎದ್ದು ನಿಂತಳು.

"ಸರ್, ಈ ಜೋಡಿ ಗೆರೆಗಳು ಒಂದು ಕಡೆ ನಿಲ್ಲೋದೇ ಇಲ್ಲ ಅಂದ್ರಿ. ಮತ್ತೆ ಯಾವ ಜಾಗದಲ್ಲಿ ಬರೆದ್ರೆ ಸರಿ?"

"ಅಮ್ಮಾ, ಇದು ಬಟ್ಟೆಯ ಅಂಚಲ್ಲ, ಒಂದು ಕಡೆ ಹೊಲಿದು ಕೂರಿಸೋಕೆ," ಎಂದರು ಮೇಷ್ಟ್ರು. ತರಗತಿ ಗೊಳ್ಳೆಂದಿತು. ನಗದೇ ಇದ್ದರೆ ಎಲ್ಲಿ ಅನುಮಾನ ಬಂದೀತೋ ಎಂದು ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು. ನಕ್ಕಿದ್ದು ಸಾಲದೆಂಬಂತೆ, "ಬೆಂಜೀನಮ್ಮ!" ಎಂದು ಪಿಸುಗುಟ್ಟಿದಳು. ಹೆಸರು ಬೆಂಚಿನಿಂದ ಬೆಂಚಿಗೆ ಹರಿದು, ಸಂಜೆಯೊಳಗೆ ಕ್ಯಾಂಟೀನಿನ ಮಾಣಿಯ ಬಾಯಲ್ಲೂ ಕೂತಿತ್ತು.

ಆ ರಾತ್ರಿ ಊಟ ಬಡಿಸುತ್ತ ಅಮ್ಮ, "ನನಗೇನೋ ಹೆಸರಿಟ್ಟಿದ್ದಾರಂತೆ ಕಣೇ ಹುಡುಗರು. ಚೆನ್ನಾಗೇ ಇದೆ," ಎಂದಳು. ಮಗಳು ಬೇಗ ಬೇಗ ಉಂಡು ಎದ್ದಳು.

ಎಸ್ಟರ್ ತಯಾರಿಸುವ ಪ್ರಯೋಗದ ದಿನ ಬಂತು. ಆಲ್ಕೋಹಾಲಿಗೆ ಆಮ್ಲ ಬೆರೆಸಿ ಕುದಿಸಿದರೆ ಬಾಳೆಹಣ್ಣಿನ ವಾಸನೆಯ ದ್ರವ ಸಿಗುತ್ತದೆ. ಬೆಳಿಗ್ಗೆ ಜಗಳವಾಡಿ ಮಗಳು ಊಟದ ಡಬ್ಬಿ ಬಿಟ್ಟು ಬಂದಿದ್ದಳು. ಹೆತ್ತ ಕರುಳು ಕೇಳಬೇಕಲ್ಲ! ಅಮ್ಮ ಲ್ಯಾಬಿಗೆ ಬಂದವಳೇ ಡಬ್ಬಿಯನ್ನು ಮಗಳ ಮೇಜಿನ ಮೇಲಿಟ್ಟು, ಮಾತಿಲ್ಲದೆ ಎದುರಿನ ಮೇಜಿಗೆ ಹೋದಳು.

ದಪ್ಪ ಕನ್ನಡಕದ ಜೊತೆಗಾರ್ತಿ, ಎಲ್ಲರೂ ಸೋಡಾಬುಡ್ಡಿ ಎಂದು ಕರೆಯುವವಳು, ಹುಬ್ಬೇರಿಸಿದಳು. "ಬೆಂಜೀನಮ್ಮ ನಿನಗ್ಯಾಕೆ ಡಬ್ಬಿ ಕೊಡ್ತಾರೆ?"

"ನನಗೇನು ಗೊತ್ತು? ಅರಳುಮರಳು ಇರಬೇಕು," ಎಂದಳು ಮಗಳು. ಮುಖ ಕೆಂಡವಾಗಿತ್ತು. ಡಬ್ಬಿಯನ್ನು ಮೇಜಿನ ಕೆಳಗೆ ಒದ್ದಳು.

ದ್ರವ ಒಂದೇ ಸಮ ಕುದಿಯಲೆಂದು, ಕುದಿಸುವ ಮುಂಚೆಯೇ ಫ್ಲಾಸ್ಕಿಗೆ ಪಿಂಗಾಣಿ ಚೂರು ಹಾಕಬೇಕು. ಮರೆತರೆ ಒಲೆ ಆರಿಸಿ, ತಣಿಸಿ, ಆಮೇಲೆ ಹಾಕಬೇಕು. ಬಿಸಿಯಲ್ಲಿ ಹಾಕಿದರೆ ದ್ರವವೆಲ್ಲ ಒಮ್ಮೆಗೇ ಉಕ್ಕಿ ಸಿಡಿಯುತ್ತದೆ. ಮೇಷ್ಟ್ರು ಇದನ್ನು ಹೇಳಿದ ದಿನ ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತೆಂದು ಅಮ್ಮ ತರಗತಿಗೆ ಬಂದಿರಲಿಲ್ಲ. ಮಗಳು ಬಂದಿದ್ದಳು.

ಎದುರಿನ ಮೇಜಿನಲ್ಲಿ ಅಮ್ಮನ ಫ್ಲಾಸ್ಕು ಬಿಸಿಯೇರಿತ್ತು. ಅಮ್ಮ ಅಕ್ಕಪಕ್ಕದವರ ಫ್ಲಾಸ್ಕು ನೋಡಿದಳು, ತನ್ನದನ್ನು ನೋಡಿದಳು, 'ಅಯ್ಯೋ' ಎಂದು ನಾಲಿಗೆ ಕಚ್ಚಿಕೊಂಡಳು. ಚೂರು ಹಿಡಿಯಲು ತೊಡಕಾಗುತ್ತದೆಂದು ಬಲಗೈಯ ಗ್ಲೌಸು ಕಳಚಿದಳು. ಫ್ಲಾಸ್ಕಿನ ಬಾಯಿಗೆ ಸಿಕ್ಕಿಸಿದ್ದ ಗಾಜಿನ ಕೊಳವೆ ಎತ್ತಿದಳು.

"ಅಯ್ಯಯ್ಯೋ, ಬಿಸೀಲಿ ಹಾಕ್ತಿದ್ದಾರೆ ಕಣೇ!" ಸೋಡಾಬುಡ್ಡಿ ಕೂಗಲು ಬಾಯಿ ತೆರೆದಳು. ಮಗಳು ಅವಳ ರಟ್ಟೆ ಹಿಡಿದೆಳೆದಳು.

"ಸುಮ್ನಿರೇ. ಒಂದ್ಸಲ ಗೊತ್ತಾಗ್ಲಿ."

ಗೊತ್ತಾಯಿತು. ಕುದಿಯುವ ಆಮ್ಲ ಕಾರಂಜಿಯಂತೆ ಚಿಮ್ಮಿ ಅಮ್ಮನ ಕೈಯ ಮೇಲೆ ಸುರಿಯಿತು. ಅಮ್ಮ ಕಿರುಚಿದಳು. ಮಗಳು ತನ್ನ ಮೇಜು ಬಿಟ್ಟು ಕದಲಲಿಲ್ಲ. ಯಾರೋ ಅಮ್ಮನ ಕೈಯನ್ನು ನಲ್ಲಿಯಡಿ ಹಿಡಿದರು, ಯಾರೋ ಆಟೋ ತಂದರು. "ಮನೆಯವರು ಯಾರಾದ್ರೂ ಇದ್ದಾರಾ?" ಎಂದು ಮೇಷ್ಟ್ರು ಕೇಳಿದಾಗ ಅಮ್ಮ ಹಲ್ಲು ಕಚ್ಚಿಕೊಂಡು, "ಸಂಜೆ ಬರ್ತಾರೆ ಸರ್," ಎಂದಳು. ಅಂಥಾ ಉರಿಯಲ್ಲೂ ಮಗಳ ಕಡೆ ತಿರುಗಿ ನೋಡಲಿಲ್ಲ. ಲ್ಯಾಬಿನ ತುಂಬ ಬಾಳೆಹಣ್ಣಿನ ವಾಸನೆ ಹರಡಿತ್ತು.

ಮುಂದಿನ ವಾರ ಕ್ಲಾಸ್ ಲೀಡರ್ ಆಫೀಸಿನಲ್ಲಿ ವಿಳಾಸ ಕೇಳಿಕೊಂಡು, ಸೋಡಾಬುಡ್ಡಿಯನ್ನೂ ಕರೆದುಕೊಂಡು, ಹಣ್ಣು ಹಿಡಿದು ಮನೆಗೇ ಬಂದುಬಿಟ್ಟ. ಬಾಗಿಲು ತೆರೆದವಳು ಮಗಳು.

"ನೀನೇನೇ ಇಲ್ಲಿ?" ಎಂದಳು ಸೋಡಾಬುಡ್ಡಿ.

ಒಳಗಿನಿಂದ ಅಮ್ಮನೇ ಹೇಳಿದಳು: "ಬನ್ನಿ ಬನ್ನಿ. ಅವಳು ನನ್ನ ಮಗಳು. ನಾಚಿಕೆ ಸ್ವಭಾವ, ಯಾರಿಗೂ ಹೇಳ್ಕೊಂಡಿರ್ಲಿಲ್ಲ."

ಸೋಡಾಬುಡ್ಡಿ ಕಪಟ ಗೊತ್ತಿಲ್ಲದವಳು. ಮನಸ್ಸಿಗೆ ಬಂದದ್ದು ಬಾಯಿಗೆ ಬಂದೇ ಬಿಡುತ್ತಿತ್ತು. "ನಿಮ್ಮಮ್ಮನಾ? ಮತ್ತೆ ಆವತ್ತು ನಾನು ಕೂಗೋಕೆ ಹೋದ್ರೆ ಯಾಕೆ ತಡೆದೆ? 'ಒಂದ್ಸಲ ಗೊತ್ತಾಗ್ಲಿ' ಅಂದ್ಯಲ್ಲೇ!"

ಅಮ್ಮನ ಮುಖದ ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. "ಕೂತ್ಕೊಳ್ರಪ್ಪ, ಟೀ ಕುಡ್ಕೊಂಡು ಹೋಗಿ," ಎಂದಳು.

ಅವರು ಹೋದ ಮೇಲೆ ಮಗಳು ಅಳುತ್ತ ಕಾಲ ಬಳಿ ಕುಸಿದಳು. "ಸಿಡಿಯುತ್ತೆ ಅಂತ ಗೊತ್ತಿತ್ತು ಅಮ್ಮಾ. ಆದ್ರೆ ಇಷ್ಟು ಸುಡುತ್ತೆ ಅಂತ..."

"ಎಷ್ಟು ಸುಟ್ರೆ ಸಾಕು ಅಂದ್ಕೊಂಡಿದ್ದೆ?" ಅಮ್ಮ ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

ಹೆಬ್ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಅಂಗಡಿಯಲ್ಲಿ ಕತ್ತರಿ ಬೇರೊಬ್ಬಳ ಕೈ ಸೇರಿತು; ಗಾಯ ಮಾಗಿದ ಮೇಲೆ ಅಮ್ಮನಿಗೆ ಬಟ್ಟೆ ಮಡಚಿಡುವ ಕೆಲಸ ಕೊಡುತ್ತೇವೆಂದರು. ತರಗತಿಯಿಂದ ತನ್ನ ಹೆಸರು ತೆಗೆಸಲು ಅಮ್ಮ ಒಬ್ಬಳೇ ಹೋಗಿ ಬಂದಳು.

ಗಾಯದ ಪಟ್ಟಿ ಬದಲಿಸಲು ಪಕ್ಕದ ಮನೆಯಾಕೆ ಬೆಳಿಗ್ಗೆ ಸಂಜೆ ಬರತೊಡಗಿದಳು. ಜಡೆ ಹಾಕುವವಳೂ ಅವಳೇ, ಚಮಚದಲ್ಲಿ ಉಣಿಸುವವಳೂ ಅವಳೇ. ಮಗಳು ಔಷಧಿ ಹಿಡಿದು ಹತ್ತಿರ ಬಂದರೆ ಅಮ್ಮ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು, ಬೈಯುತ್ತಿರಲಿಲ್ಲ.

"ಅಲ್ಲಾ, ಮನೇಲಿ ಬೆಳೆದ ಮಗಳನ್ನಿಟ್ಕೊಂಡು ನನ್ನ ಕರೀತೀರಲ್ಲ?" ಎಂದು ಆಕೆ ಒಮ್ಮೆ ತಡೆಯಲಾರದೆ ಕೇಳಿದಳು.

"ಅವಳಿಗೆ ಪರೀಕ್ಷೆ ಹತ್ರ ಬಂತು. ಓದ್ಕೊಳ್ಲಿ ಬಿಡಿ."

ಒಳಕೋಣೆಯಲ್ಲಿ ಮಗಳು ತೆರೆದ ಪುಸ್ತಕದ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಓದಿದಳು ಕೂಡ, ಬೇರೇನನ್ನೂ ಮಾಡಲು ಅಮ್ಮ ಅವಳಿಗೆ ಬಿಟ್ಟಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಇಡೀ ತರಗತಿಗೆ ಅವಳಿಗೇ ಹೆಚ್ಚು ಅಂಕ ಬಂತು. ಮನೆಗೆ ಓಡಿ ಬಂದು ಹೇಳಿದಾಗ ಅಮ್ಮ, "ಒಳ್ಳೇದು," ಎಂದಳು. ಪಕ್ಕದ ಮನೆಯಾಕೆಯ ಮುಂದೆ ಕೈ ಚಾಚಿ, ಪಟ್ಟಿ ಬಿಚ್ಚುವುದನ್ನೇ ನೋಡುತ್ತ ಕೂತಳು.