ಹನ್ನೆರಡು ಅಡಿ ನೈಲಾನ್

ಬೇಲಿ ಹಾರಿ ಹೋದ ಕುದುರೆಗಾಗಿ ವರ್ಲಾ ಅಷ್ಟು ಹೆದರಿರಲಿಲ್ಲ. ಅದರ ಮುಖಪಟ್ಟಿಯಿಂದ ಜೋತುಬಿದ್ದು ಹಿಂದೆ ಎಳೆದುಕೊಂಡು ಹೋದ ಹನ್ನೆರಡು ಅಡಿ ಹಗ್ಗಕ್ಕೆ ಹೆದರಿದ್ದಳು.

ನೆವಾಡಾದ ಆ ಬೋಳುಗುಡ್ಡಗಳ ಸೀಮೆಯಲ್ಲಿ ಮಸ್ಟಾಂಗ್ ಎಂಬ ಕಾಡುಕುದುರೆಗಳನ್ನು ಪಳಗಿಸುವವರು ಮಾಡುವುದೇ ಹಾಗೆ. ಬಯಲಿನಿಂದ ಹಿಡಿದು ತಂದ ಕುದುರೆಯನ್ನು ಕಂಬಿಗಳ ಇಕ್ಕಟ್ಟಿನಲ್ಲಿ ನಿಲ್ಲಿಸಿ ಮುಖಪಟ್ಟಿ ತೊಡಿಸುತ್ತಾರೆ. ಆಮೇಲೆ ದೊಡ್ಡಿಯಲ್ಲಿ ಹಗ್ಗವನ್ನು ಹಾಗೇ ಎಳೆದಾಡಲು ಬಿಡುತ್ತಾರೆ. ಕುದುರೆ ತಾನೇ ಅದನ್ನು ತುಳಿದು, ತಾನೇ ತಲೆ ತಗ್ಗಿಸಿ, ಜಗ್ಗಿದರೆ ಬಗ್ಗಬೇಕೆಂದು ಕಲಿಯುತ್ತದೆ. ನಲವತ್ತೈದು ವರ್ಷ ವರ್ಲಾ ಕಟ್ಟಿದ್ದು ಹಳೆಯ ಹತ್ತಿ ಹಗ್ಗವನ್ನೇ. ಎಲ್ಲಾದರೂ ಸಿಕ್ಕಿಕೊಂಡರೆ ಕಿತ್ತುಹೋಗಲಿ ಎಂದು. ಹೋದ ವಸಂತದಲ್ಲಿ ಒಂದು ಗಂಡುಕುದುರೆ ಹಾಗೆ ಕಿತ್ತುಕೊಂಡು ಬಂದು, ಅವಳನ್ನು ಬೇಲಿಗೆ ಒತ್ತಿ ಮೂರು ಪಕ್ಕೆಲುಬು ಮುರಿಯಿತು. ಈ ಸಲ ಅವಳು ಕಿತ್ತುಹೋಗದ ನೈಲಾನ್ ಕಟ್ಟಿದ್ದಳು. ಹೆದರಿಕೆ ಹಾಕಿದ ಗಂಟು ಅದು. ಯಾರಿಗೂ ಹೇಳಿರಲಿಲ್ಲ.

"ಎರಡು ದಿನ ಆಯ್ತಕ್ಕ," ಎಂದ ಪಿಕಪ್ ಓಡಿಸುತ್ತಿದ್ದ ತಮ್ಮ ಆರಿನ್. "ಈ ಬಿಸಿಲಲ್ಲಿ, ನೀರಿಲ್ದೆ..."

"ಬಾಯ್ಮುಚ್ಕೊಂಡು ಓಡ್ಸು."

"ಕುದುರೆ ಹತ್ರ ಮಾತ್ರ ಮೆತ್ತಗೆ ಮಾತಾಡ್ತೀಯ ನೀನು. ಅದಕ್ಕೇ ಮೂರು ಗಂಡಂದಿರೂ ಓಡಿಹೋದ್ರು."

"ಇಬ್ರು ಕಣೋ. ಮೂರನೆಯವನನ್ನ ನಾನೇ ಓಡ್ಸಿದ್ದು."

ಸೀಟಿನ ಹಿಂದೆ ಕೋವಿ ಗಡಗಡಿಸುತ್ತಿತ್ತು. ಅದನ್ನು ಯಾಕೆ ತಂದಿದ್ದೆಂದು ಇಬ್ಬರಿಗೂ ಗೊತ್ತಿತ್ತು.

ದೂಳಿನಲ್ಲಿ ಹಾವು ಹರಿದಂಥ ಗೀರನ್ನು ಮೊದಲು ಕಂಡದ್ದು ವರ್ಲಾ. ಅದನ್ನೇ ಹಿಡಿದು ಒಣಗಿದ ಹಳ್ಳಕ್ಕೆ ಇಳಿದರು. ಹಗ್ಗ ಎರಡು ಬಂಡೆಗಳ ಸಂದಿನಲ್ಲಿ ಕಚ್ಚಿಕೊಂಡಿತ್ತು. ಕಂದು ಬಣ್ಣದ ಎಳೆಯ ಹೆಣ್ಣುಕುದುರೆಯ ತಲೆ ಮೊಣಕಾಲಿನ ಮಟ್ಟಕ್ಕೆ ಜಗ್ಗಿಹೋಗಿತ್ತು. ಸುತ್ತಿ ಸುತ್ತಿ ಗೊರಸುಗಳು ನೆಲವನ್ನು ಅರ್ಧಚಂದ್ರಾಕಾರವಾಗಿ ಅಗೆದಿದ್ದವು. ಮೂಗಿನ ಮೇಲೆ ಚರ್ಮವಿರಲಿಲ್ಲ.

ಆರಿನ್ ಕೋವಿ ತಂದು ಗುರಿಯಿಟ್ಟ. "ಇಲ್ಲಿಂದ್ಲೇ ಮುಗ್ಸಿಬಿಡ್ತೀನಿ."

"ನಾಲ್ಕು ಕಾಲ ಮೇಲೂ ನಿಂತಿದಾಳೆ. ಇಳಿಸು ಅದನ್ನ."

"ಹಾಗಾದ್ರೆ ಬಂಡೆ ಹತ್ರ ಹಗ್ಗ ಕೊಯ್ದು ಬಂದ್ಬಿಡು. ಹತ್ರ ಹೋಗ್ಬೇಡ."

"ಮುಖಪಟ್ಟಿ? ಕೆನ್ನೆ ಕೆರ್ಕೊಳ್ಳೋಕೆ ಹಿಂಗಾಲು ಎತ್ತಿದ್ರೆ ಗೊರಸು ಅದ್ರೊಳಗೆ ಸಿಕ್ಕುತ್ತೆ. ಆಗ ಯಾರು ಬರ್ತಾರೆ ಬಿಡ್ಸೋಕೆ, ನೀನಾ?"

ಹುಲ್ಲಿನ ಕಟ್ಟು ಕೊಯ್ಯುವ ಚಾಕು ಹಿಡಿದು ಅವಳು ಹೊರಟಳು. ಹೆದರಿದವರು ಕುದುರೆಯ ಬಳಿ ಹೋಗಬಾರದೆಂದು ಎಷ್ಟೋ ಜನರನ್ನು ದೊಡ್ಡಿಯ ಬಾಗಿಲಿನಿಂದಲೇ ವಾಪಸು ಕಳಿಸಿದವಳು. ಈಗ ಮುರಿದು ಕೂಡಿದ ಪಕ್ಕೆಲುಬುಗಳು ತಾವೇ ಹಿಂದಕ್ಕೆ ಎಳೆಯುತ್ತಿದ್ದವು. ಕಣ್ಣಿಗೆ ಕಣ್ಣು ಕೊಡದೆ ಓರೆಯಾಗಿ, ಭುಜದ ಕಡೆಗೆ ನಡೆಯಬೇಕು. ಉಸಿರನ್ನು ನಿಧಾನವಾಗಿ ಹೊರಬಿಡಬೇಕು. ಕಾಲು ಹೇಳಿದಂತೆ ಕೇಳಿತು, ಉಸಿರು ಕೇಳಲಿಲ್ಲ. ಕುದುರೆಯ ಕಿವಿ ಹಿಂದಕ್ಕೆ ಮಲಗಿತು.

ವರ್ಲಾ ನಿಂತುಬಿಟ್ಟಳು. "ಹೌದಮ್ಮ, ನಂಗೂ ಭಯ," ಎಂದು ಪಿಸುಗುಟ್ಟಿದಳು. "ನಿಂಗಿಂತ ಜಾಸ್ತೀನೇ ಇರ್ಬೇಕು."

ಇಷ್ಟು ವರ್ಷಗಳಲ್ಲಿ ಯಾವ ಕುದುರೆಗೂ ಹೇಳದ ಮಾತು. ಹೇಳಿದ ಮೇಲೆ ಎದೆಯಲ್ಲಿ ಕಟ್ಟಿದ್ದ ಉಸಿರು ಉದ್ದಕ್ಕೆ ಹೊರಬಂತು. ಕಿವಿ ಒಂದಿಷ್ಟು ಮೇಲೆದ್ದಿತು.

ದವಡೆಯ ಪಕ್ಕ ಬೆರಳು ತೂರಿಸಿದಾಗ ಬಿಸಿ ರಕ್ತ ತಾಗಿತು. ಬ್ಲೇಡು ಒಂದು ಸಲ ಜಾರಿತು. ಎರಡನೆಯ ಸಲ ಪಟ್ಟಿ ಕಡಿದು ಕೆಳಗೆ ಬಿತ್ತು.

ಕುದುರೆ ಅಲುಗಲಿಲ್ಲ. ಬಿಡುಗಡೆಯಾದದ್ದು ಅದಕ್ಕಿನ್ನೂ ತಿಳಿದಿರಲಿಲ್ಲ. ತಲೆ ತಗ್ಗಿಸಿಕೊಂಡೇ ನಿಂತಿತ್ತು. ವರ್ಲಾಳಿಗೆ ಮಾತ್ರ ತಿಳಿದಿತ್ತು. ಬೆನ್ನಿಗೆ ಬಂಡೆ, ಎದುರಿಗೆ ಕುದುರೆ, ಮಧ್ಯೆ ಒಂದು ಗೇಣು ಜಾಗ. ಅದು ತಲೆಯೆತ್ತಿದ ಗಳಿಗೆ ತಾನು ಎಲ್ಲಿರುತ್ತೇನೆ? ಚಾಕು ಕೈಬಿಟ್ಟು ಬಂಡೆಗೆ ಅಂಟಿಕೊಂಡಳು.

ತಲೆ ಎದ್ದಿತು, ಕುದುರೆ ಅವಳನ್ನು ಕೆಡವಿ ನುಗ್ಗಿತು. ಇಡೀ ಹಳ್ಳವೇ ಮೈಮೇಲೆ ಬಿದ್ದಂತಾಯಿತು.

"ಅಕ್ಕಾ!" ಆರಿನ್ ಎಡವುತ್ತ ಓಡಿಬಂದ. ಅವಳ ಎಡಗೈ ತಿರುಚಿಕೊಂಡು ಬಿದ್ದಿತ್ತು.

"ನನ್ನನ್ನಲ್ವೋ, ಅವಳನ್ನ ನೋಡು. ಹಿಂಗಾಲು ಸರಿಯಾಗಿ ಊರ್ತಾಳಾ?"

"ಊರ್ತಾಳೆ."

"ಯಾವ ಕಡೆ?"

ಅವನು ಎದ್ದುನಿಂತು ಬಹಳ ಹೊತ್ತು ನೋಡಿದ.

"ಮೂಗು ಎತ್ಕೊಂಡು ನಿಂತ್ಲು. ಈಗ ಬಡಗಣ ನೀರಿನ ಬುಗ್ಗೆ ಕಡೆ ಹೊರಟಿದಾಳೆ."

ಆಗ ವರ್ಲಾಳ ಹಲ್ಲುಗಳು ಕಟಕಟಿಸತೊಡಗಿದವು. ಆ ಉರಿಬಿಸಿಲಿನಲ್ಲಿ ತಮ್ಮ ತನ್ನ ಅಂಗಿ ಬಿಚ್ಚಿ ಹೊದಿಸಿದ. ಆದರೂ ನಡುಕ ನಿಲ್ಲಲಿಲ್ಲ.